ಜೂನ್ ಒಂದರ ಮಕ್ಕಳು

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯರು ಕೆಲವರು ಆಗಾಗ ನನ್ನ ಮನೆಗೆ ಬರುತ್ತಾರೆ. ಮುಂಬೈನ ಭಾಂಡುಪ್ ಸ್ಟೇಷನ್ನಿನಿಂದ ನಡೆದು ಬರುವಷ್ಟರಲ್ಲಿ ಬೆವರಿ ನೀರಾಗಿರುತ್ತಾರೆ. ಫ್ಯಾನಿನ ಕೆಳಗೆ ಕುಳಿತು ನೀರು ಕುಡಿದ ಮೇಲೆ ಅವರ ಮೊದಲ ಪ್ರಶ್ನೆ ಒಂದೇ: "ಮೇಡಂ, ಟೀಚರಾಗಿ ಸೇರಿ ದೊಡ್ಡ ಆಫೀಸರಾಗಿ ರಿಟೈರ್ ಆದ್ರಿ. ಹೇಗೆ ಸಾಧಿಸಿದ್ರಿ?" ಸಾಧಿಸಿದ್ದೇನೂ ಇಲ್ಲ. ಹೆದರಿಕೊಂಡು ಕೆಲಸ ಮಾಡಿದೆ, ಅಷ್ಟೇ. ಮುಖ್ಯೋಪಾಧ್ಯಾಯರಿಗೆ ಹೆದರಿದೆ, ತಪಾಸಣೆಗೆ ಬರುವವರಿಗೆ ಹೆದರಿದೆ, ಮಳೆಗಾಲದಲ್ಲಿ ಶಾಲೆಯ ಗೋಡೆಗೆ ಹೆದರಿದೆ, ಮಗುವೊಂದು ಹತ್ತು ನಿಮಿಷ ಕಾಣಿಸದಿದ್ದರೆ ಅದಕ್ಕೂ ಹೆದರಿದೆ. ಕುರ್ಚಿ ದೊಡ್ಡದಾದ ಹಾಗೆ ಹೆದರಿಕೆ ಚಿಕ್ಕದಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನನ್ನ ಬಡ್ತಿಗಳ ಕತೆ ಸರ್ವಿಸ್ ಬುಕ್ಕಿನಲ್ಲಿದೆ, ಬೇಕಾದವರು ಓದಿಕೊಳ್ಳಬಹುದು. ಇಲ್ಲಿ ಬರೆಯುತ್ತಿರುವುದು ಅದರಲ್ಲಿ ಇಲ್ಲದ್ದು. ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ನಾನು ಒಂದು ಮಗುವಿನ ವಯಸ್ಸನ್ನು ಸುಳ್ಳು ಬರೆದೆ. ಹನ್ನೆರಡು ವರ್ಷಗಳ ನಂತರ ಆ ಸುಳ್ಳನ್ನೇ ನಂಬಿ ಆ ಮಗುವಿಗೆ ಮದುವೆ ಗೊತ್ತುಮಾಡಿದರು.

ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಮುಂಬೈಗೆ ಬಂದು ಕುರ್ಲಾದ ಒಂದು ಸರಕಾರಿ ಕನ್ನಡ ಶಾಲೆಗೆ ಸೇರಿದಾಗ ಅಲ್ಲಿ ಉಪಾಧ್ಯ ಮಾಸ್ತರರು ಮುಖ್ಯೋಪಾಧ್ಯಾಯರಾಗಿದ್ದರು. ಉಡುಪಿ ಕಡೆಯವರು. ಅಣ್ಣತಮ್ಮಂದಿರೆಲ್ಲ ಹೋಟೆಲಿಗೆ ಹೋದರು, ನಾನೊಬ್ಬ ದಾರಿ ತಪ್ಪಿ ಶಾಲೆಗೆ ಬಂದೆ ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ಮೊದಲ ದಿನ ಅವರು ನನಗೆ ತೋರಿಸಿದ್ದು ತರಗತಿಯನ್ನಲ್ಲ, ಒಂದು ಕಬ್ಬಿಣದ ಕಪಾಟನ್ನು. ಅದರೊಳಗಿತ್ತು ಜನರಲ್ ರಿಜಿಸ್ಟರ್. ಶಾಲೆಗೆ ಸೇರಿದ ಒಂದೊಂದು ಮಗುವಿನ ಹೆಸರು, ಊರು, ಜಾತಿ, ಹುಟ್ಟಿದ ತಾರೀಖು ಎಲ್ಲವೂ ಅದರಲ್ಲಿ. ಮಗು ಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರ, ನಾವು ಎಲ್‌ಸಿ ಎನ್ನುತ್ತೇವೆ, ಅದು ಈ ರಿಜಿಸ್ಟರಿನ ನಕಲು. ಮುಂದೆ ಆ ಮನುಷ್ಯನ ಎಲ್ಲ ಕಾಗದಪತ್ರಗಳೂ ಆ ಎಲ್‌ಸಿಯಿಂದಲೇ ಹುಟ್ಟುತ್ತವೆ.

"ಟೀಚರೇ, ಇದರಲ್ಲಿ ಒಮ್ಮೆ ಬರೆದದ್ದನ್ನು ಅಳಿಸ್ಲಿಕ್ಕಿಲ್ಲ, ತಿದ್ಲಿಕ್ಕಿಲ್ಲ" ಎಂದರು ಉಪಾಧ್ಯರು. "ದೇವರು ಹಣೆಯಲ್ಲಿ ಬರೆದದ್ದಾದರೂ ತಪ್ಪೀತು, ಇದು ತಪ್ಪುದಿಲ್ಲ."

ಆವತ್ತಿನಿಂದ ಆ ಕಪಾಟಿನ ಹತ್ತಿರ ಹೋಗಲು ನನಗೆ ಹೆದರಿಕೆಯಾಗುತ್ತಿತ್ತು. ಅದೇ ತಿಂಗಳು ಒಬ್ಬ ತಾಯಿ ಮಗುವನ್ನು ಸೇರಿಸಲು ಬಂದಳು. ಹುಟ್ಟಿದ ತಾರೀಖು ಕೇಳಿದರೆ, ಜೋಳದ ರಾಶಿ ನಡೆದಿತ್ತು ಎಂದಳು. ಯಾವ ವರ್ಷ ಎಂದರೆ, ಮಾವ ತೀರಿಕೊಂಡ ವರ್ಷ ಎಂದಳು. ನಾನು ಪೆನ್ನು ಎತ್ತಿ ಹಿಡಿದುಕೊಂಡು ಹಾಗೇ ಕುಳಿತೆ.

"ಎಂತ ಟೀಚರೇ, ತಾರೀಖು ಗೊತ್ತಿಲ್ಲಾಂತ ಸಂಜೆವರೆಗೆ ಕೂತ್ಕೊಳ್ಳುದಾ? ಜೂನ್ ಒಂದು ಬರೀರಿ."

"ಜೂನ್ ಒಂದ ಯಾಕ್ರಿ ಸರ್?"

"ಶಾಲೆ ಸುರು ಆಗುವ ತಿಂಗಳಲ್ವಾ? ಆರು ವರ್ಷ ಸರೀ ತುಂಬ್ತದೆ. ಯಾರದ್ದೂ ತಕರಾರಿಲ್ಲ."

ಹೀಗೆ ನಮ್ಮ ಶಾಲೆಯ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದಕ್ಕೆ ಹುಟ್ಟಿದವರು. ನಮ್ಮಲ್ಲಿ ಮಾತ್ರವಲ್ಲ, ಹಿಂದಿ ಶಾಲೆಯಲ್ಲೂ ಉರ್ದು ಶಾಲೆಯಲ್ಲೂ ಅದೇ ಪದ್ಧತಿ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯನ್ನು ಎಬ್ಬಿಸಿ ಹುಟ್ಟುಹಬ್ಬ ಯಾವಾಗ ಎಂದು ಕೇಳಿದರು. ಜೂನ್ ಒಂದು ಎಂದಳು. ಪಕ್ಕದವಳದ್ದೂ ಜೂನ್ ಒಂದು. ಮೂರನೆಯವನನ್ನು ಕೇಳುವ ಮೊದಲೇ ಇಡೀ ತರಗತಿ "ಜೂನ್ ಒಂದು!" ಎಂದು ಒಕ್ಕೊರಲಿನಿಂದ ಕೂಗಿತು. ಕೆಲಸ ಹೋಯಿತು ಎಂದೇ ತಿಳಿದೆ. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕು, "ಎಲ್ಲರೂ ಅವಳಿಜವಳಿ" ಎಂದು ಹೇಳಿ, ಚಹಾ ಕುಡಿದು ಹೋದರು. ಅವರೂ ಒಂದು ಕಾಲದಲ್ಲಿ ಶಿಕ್ಷಕರಾಗಿದ್ದವರೇ. ಎಲ್ಲರಿಗೂ ಗೊತ್ತಿದ್ದ, ಎಲ್ಲರೂ ನಗುತ್ತಿದ್ದ ಸುಳ್ಳು ಅದು. ಎಲ್ಲರೂ ನಗುವಾಗ ನಾನೊಬ್ಬಳು ಹೆದರುವುದೇಕೆ ಎಂದು ನಾನೂ ನಗಲು ಕಲಿತೆ.

ಆದರೆ ಆ ರಿಜಿಸ್ಟರಿನ ಮೇಲೆ ಉಪಾಧ್ಯರಿಗಿದ್ದ ಭಕ್ತಿ ಸುಳ್ಳಲ್ಲ. ಒಂದು ಮಳೆಗಾಲ ಕುರ್ಲಾದಲ್ಲಿ ನೀರು ನೋಡನೋಡುತ್ತಲೇ ಶಾಲೆಯ ಮೆಟ್ಟಿಲೇರಿತು. ಮಕ್ಕಳನ್ನೆಲ್ಲ ಮೇಲಿನ ಮಹಡಿಗೆ ಹತ್ತಿಸಿದೆವು. ಕರೆಂಟು ಹೋಗಿತ್ತು, ಕೆಳಗಿನ ಕೋಣೆಯಲ್ಲಿ ಬೆಂಚುಗಳು ತೇಲಿ ಒಂದಕ್ಕೊಂದು ಬಡಿಯುವ ಸದ್ದು ಕೇಳುತ್ತಿತ್ತು, ಮಕ್ಕಳು ಅಳುತ್ತಿದ್ದರು. ಆಗ ಉಪಾಧ್ಯರು ಕೆಳಗಿಳಿದರು. ಸೊಂಟದ ಮಟ್ಟದ ನೀರಿನಲ್ಲಿ ರಿಜಿಸ್ಟರುಗಳನ್ನು ತಲೆಯ ಮೇಲೆ ಹೊತ್ತು ಮೂರು ಸಲ ಹತ್ತಿ ಇಳಿದರು. ಅವರು ನೀರಿಗಿಳಿದ ಪ್ರತಿ ಸಲವೂ ಇನ್ನು ಬರುವುದಿಲ್ಲವೆಂದು ನಾನು ಮೆಟ್ಟಿಲಿನ ಮೇಲೆ ನಿಂತು ಹೆದರಿದೆ. ಅಷ್ಟು ಕಷ್ಟಪಟ್ಟು ಅವರು ಉಳಿಸಿದ ಪುಟಗಳ ತುಂಬ ಜೂನ್ ಒಂದೇ ಇತ್ತು. ಅದನ್ನು ಆಗ ನಾನು ಯೋಚಿಸಲಿಲ್ಲ.

ಉಪಾಧ್ಯರು ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ ಅವರ ಕುರ್ಚಿ ನನಗೆ ಬಂತು. ಅಷ್ಟರಲ್ಲಿ ಕನ್ನಡ ಶಾಲೆಗಳಿಗೆ ಕೆಟ್ಟ ಕಾಲ ಬಂದಿತ್ತು. ಸ್ವಲ್ಪ ಅನುಕೂಲ ಇದ್ದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುತ್ತಿದ್ದರು. ನಮಗೆ ಉಳಿದದ್ದು ಊರಿನಿಂದ ಕೂಲಿಗೆ ಬಂದವರ ಮಕ್ಕಳು. ಆ ವರ್ಷ ಒಂದನೆಯ ತರಗತಿಗೆ ಬೇಕಾದ ಸಂಖ್ಯೆಗೆ ಹನ್ನೊಂದು ಮಕ್ಕಳು ಕಡಿಮೆ ಬಿದ್ದರು. ಭರ್ತಿಯಾಗದಿದ್ದರೆ ಕನ್ನಡ ವರ್ಗ ಮುಚ್ಚುತ್ತೇವೆ ಎಂದು ಮೇಲಿನಿಂದ ಕಾಗದ ಬಂತು. ವರ್ಗ ಮುಚ್ಚಿದರೆ ಇರುವ ಮಕ್ಕಳ ಗತಿ ಏನು ಎಂಬ ಹೆದರಿಕೆ ಇತ್ತು ಎಂದು ಹೇಳಿದರೆ ಚೆನ್ನಾಗಿ ಕೇಳಿಸುತ್ತದೆ. ಅದೂ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಉಪಾಧ್ಯರು ತಲೆಯ ಮೇಲೆ ಹೊತ್ತ ಶಾಲೆಯನ್ನು ಮುಚ್ಚಿಸಿದವಳು ಎಂಬ ಹೆಸರು ನನಗೆ ಬಂದೀತು ಎಂಬ ಹೆದರಿಕೆಯಿತ್ತು.

ಮೇ ತಿಂಗಳ ರಜೆಯಲ್ಲಿ ಮನೆ ಮನೆ ತಿರುಗಿ ಮಕ್ಕಳನ್ನು ಪಟ್ಟಿ ಮಾಡುವುದು ನಮ್ಮ ಕೆಲಸ. ಅದಕ್ಕೊಂದು ಸರ್ವೆ ಪುಸ್ತಕವಿರುತ್ತದೆ. ಈ ವರ್ಷ ಸೇರುವವರು, ಮುಂದಿನ ವರ್ಷದವರು, ಅದರ ಮುಂದಿನವರು ಎಲ್ಲರನ್ನೂ ಬರೆದುಕೊಳ್ಳುತ್ತೇವೆ. ಏಳುತ್ತಿರುವ ಒಂದು ಬಿಲ್ಡಿಂಗಿನ ಕೆಳಗೆ ಗಂಗವ್ವ ಎಂಬ ಹೆಂಗಸು ಮರಳು ಹೊರುತ್ತಿದ್ದಳು. ಅವಳ ಮಗಳ ಕಾಲಿಗೆ ಹಳೆಯ ಸೀರೆಯ ಅಂಚು ಕಟ್ಟಿ ಕಂಬಕ್ಕೆ ಬಿಗಿದಿತ್ತು. ನಾಲ್ಕು ಹೆಜ್ಜೆ ಆಚೆ ಲಿಫ್ಟಿಗೆಂದು ತೋಡಿದ ಗುಂಡಿ.

"ಎಷ್ಟ ವರ್ಷ ಆದುವ ತಂಗಿ ಹುಡುಗಿಗೆ?"

"ಶೀಗಿ ಹುಣ್ಣಿವಿಗೆ ನಾಕ ತುಂಬ್ಯಾವ್ರಿ ಅಕ್ಕಾರ. ಈಗ ನಾಕೂವರಿ ಅನ್ರಿ."

ಸುವರ್ಣಾ, ನಾಲ್ಕೂವರೆ ವರ್ಷ, ಶೀಗಿ ಹುಣ್ಣಿಮೆ ಎಂದು ಬರೆದುಕೊಂಡೆ. ದಸರೆ ಆದ ಮೇಲೆ ಬರುವ ಹುಣ್ಣಿಮೆ ಅದು. ಜೂನ್ ತಿಂಗಳಲ್ಲಿ ಮತ್ತೆ ಹೋದೆ.

"ಸಾಲಿಗಿ ಹಾಕ್ತಿ ಏನ?"

"ಸಣ್ಣಾಕಿ ಅದಾಳ್ರಿ. ತಗೋತಾರೇನ್ರಿ?"

"ತಗೋಳೂದು ನನ್ನ ಕೈಯಾಗ ಐತಿ" ಎಂದೆ. ಎಷ್ಟು ಜಂಬದಿಂದ ಹೇಳಿದೆ ಎಂಬುದು ಇವತ್ತಿಗೂ ನೆನಪಿದೆ.

ಜನನ ಪ್ರಮಾಣಪತ್ರ ಇಲ್ಲದಿದ್ದರೆ ಪಾಲಕರ ಘೋಷಣಾಪತ್ರ ಸಾಕು. ಖಾಲಿ ಕಾಗದಕ್ಕೆ ಗಂಗವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ. ಶಾಲೆಯಲ್ಲಿ ಕುಳಿತು ಅದರ ಮೇಲೆ ಆರು ವರ್ಷದ ಹಿಂದಿನ ಜೂನ್ ಒಂದು ಎಂದು ತುಂಬಿಸಿದೆ. ಹೀಗೇ ಹನ್ನೊಂದು ಮಕ್ಕಳು. ಯಾರ್ಯಾರ ವಯಸ್ಸು ಏರಿಸಿದ್ದೇನೆ ಎಂದು ಮರೆಯಬಾರದೆಂದು ಸರ್ವೆ ಪುಸ್ತಕದಲ್ಲಿ ಅವರ ಹೆಸರುಗಳ ಮುಂದೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಕಳ್ಳತನ ಮಾಡಿ ಪಟ್ಟಿಯನ್ನೂ ಇಟ್ಟುಕೊಳ್ಳುವ ಬುದ್ಧಿ ಶಾಲಾ ಮಾಸ್ತರರಿಗೆ ಮಾತ್ರ ಇರುತ್ತದೆ.

ವರ್ಗ ಉಳಿಯಿತು. ಪೇಢೆ ಹಂಚಿದೆವು. ಸುವರ್ಣಾ ಎಲ್ಲರಿಗಿಂತ ಚಿಕ್ಕವಳಾದರೂ ಎಲ್ಲರಿಗಿಂತ ಚುರುಕಾಗಿದ್ದಳು. ಕಂಬದಿಂದ ಬಿಡಿಸಿ ತಂದೆನಲ್ಲ ಎಂದು ಹೆಮ್ಮೆಪಟ್ಟೆ. ಏಳನೆಯ ತರಗತಿ ಮುಗಿಸಿ ಅವಳು ಹೈಸ್ಕೂಲಿಗೆ ಹೋಗುವಾಗ ಎಲ್‌ಸಿಗೆ ಸಹಿ ಹಾಕಿದವಳೂ ನಾನೇ.

ಆಮೇಲೆ ಆ ಭಾಗದ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿಯಾದೆ. ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ದೊಡ್ಡ ಸುಧಾರಣೆ ಬಂತು, ಅದರ ಉಸ್ತುವಾರಿ ನನಗೇ ಬಂತು. ದಾಖಲೆಯ ಪಾವಿತ್ರ್ಯದ ಬಗ್ಗೆ ಶಿಕ್ಷಕರಿಗೆ ತರಬೇತಿ ಕೊಟ್ಟೆ. ಚೆನ್ನಾಗಿ ಮಾತಾಡುತ್ತೇನೆ ಎಂದು ಎಲ್ಲರೂ ಹೊಗಳಿದರು. ಆ ಕೆಲಸಕ್ಕೆಂದೇ ಒಂದು ದಿನ ನನ್ನ ಹಳೆಯ ಶಾಲೆಗೆ ಹೋದಾಗ ಕಪಾಟಿನ ತಳದಲ್ಲಿ ಆ ಸರ್ವೆ ಪುಸ್ತಕ ಸಿಕ್ಕಿತು. ಕೆಂಪು ಗುರುತುಗಳು ಹಾಗೇ ಇದ್ದವು. ಕ್ಲಾರ್ಕ್ ಬಾಗಿಲಲ್ಲಿ ನಿಂತಿದ್ದ. ಅವನು ಅತ್ತ ತಿರುಗಿದಾಗ ಪುಸ್ತಕವನ್ನು ಊಟದ ಡಬ್ಬಿಯ ಕೆಳಗೆ ಚೀಲಕ್ಕೆ ತುರುಕಿದೆ. ಸುಟ್ಟುಹಾಕಲು ಧೈರ್ಯ ಬರಲಿಲ್ಲ, ಸರಕಾರಿ ಪುಸ್ತಕ. ಇಟ್ಟುಕೊಳ್ಳಲೂ ಧೈರ್ಯವಿಲ್ಲ. ಅಡುಗೆಮನೆಯ ಅಟ್ಟದ ಮೇಲೆ ಹಿತ್ತಾಳೆ ಪಾತ್ರೆಗಳ ಹಿಂದೆ ಇಟ್ಟೆ. ಹಬ್ಬಕ್ಕೆ ಯಾರಾದರೂ ಅಟ್ಟ ಹತ್ತಿದರೆ ನಾನು ಕೆಳಗೇ ಕಾವಲು ನಿಲ್ಲುತ್ತಿದ್ದೆ.

ಜೂನ್ ತಿಂಗಳ ಮೊದಲ ಸೋಮವಾರ, ನನ್ನ ನಿವೃತ್ತಿಗೆ ಹನ್ನೊಂದು ತಿಂಗಳಿದ್ದಾಗ, ಸಲ್ವಾರ್ ಕಮೀಜ್ ತೊಟ್ಟ ಹುಡುಗಿಯೊಬ್ಬಳು ಕುರ್ಲಾದ ನನ್ನ ಆಫೀಸಿಗೆ ಬಂದಳು.

"ಟೀಚರ್, ಪೆಹಚಾನಾ? ನಾ ಸುವರ್ಣಾ. ಗಂಗವ್ವನ ಮಗಳು."

ಗುರುತು ಹತ್ತಿರಲಿಲ್ಲ. ಹನ್ನೆರಡನೆಯ ಪರೀಕ್ಷೆ ಪಾಸಾಗಿದ್ದಳು. ನರ್ಸಿಂಗ್ ಕಲಿಯುವ ಆಸೆಯಂತೆ. ಪೇಢೆ ಕೊಡಲು ಬಂದಿದ್ದಾಳೆ ಎಂದು ತಿಳಿದು ನಕ್ಕೆ.

"ಸಂಡೇಕ ನನ್ನ ಶಾದಿ ಐತ್ರಿ ಟೀಚರ್" ಎಂದಳು. "ನಂಗ ಇನ್ನೂ ಸೋಲಾ. ಸತ್ರಾ ಸುದ್ದಾ ಆಗಿಲ್ಲ. ಕಾಗದದಾಗ ಮಾತ್ರ ಅಠರಾ ಆಗೇತಿ."

ಹದಿನೇಳೂ ತುಂಬದ ತನ್ನ ಮದುವೆ ತಡೆಯಿರಿ ಎಂದು ಮಕ್ಕಳ ಸಹಾಯವಾಣಿಗೆ ಅವಳೇ ಫೋನ್ ಮಾಡಿದ್ದಳು. ಅವರು ಮನೆಗೆ ಬಂದು ಎಲ್‌ಸಿ ನೋಡಿದರು, ಆಧಾರ್ ನೋಡಿದರು. ಎಲ್ಲದರಲ್ಲೂ ಜೂನ್ ಒಂದು, ಹದಿನೆಂಟು ತುಂಬಿದೆ. ಹುಡುಗಿ ವಯಸ್ಕಳು, ನಾವೇನೂ ಮಾಡುವಂತಿಲ್ಲ ಎಂದು ಹೇಳಿ ಹೋದರು. ಅವರ ತಪ್ಪೇನೂ ಇಲ್ಲ. ಆಧಾರ್ ಎಲ್‌ಸಿ ನೋಡಿ ಮಾಡಿದ್ದು, ಎಲ್‌ಸಿ ರಿಜಿಸ್ಟರ್ ನೋಡಿ ಬರೆದದ್ದು, ರಿಜಿಸ್ಟರ್ ಬರೆದ ನಾನು ಅವಳ ಎದುರಿಗೆ ಕುಳಿತಿದ್ದೆ.

"ಅವ್ವ ಅಂತಾಳ, ನಿನ್ನ ಉಮರ್ ಬರದಾವ್ರು ಶಕುಂತಲಾ ಟೀಚರ್ ಅಂತ. ನೀವು ಹೇಳಿದ್ರ ನಿಲ್ಲತೈತಿ. ಹೇಳ್ತೀರಿ?"

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ನೀವು ಓದಲೇಬೇಕು. "ನೋಡೂಣು" ಎಂದೆ.

"ಕಬ್, ಟೀಚರ್? ಯಾವಾಗ?"

"ನೋಡೂಣು ಅಂದೆನಲ್ಲ."

ಅವಳು ಹೋದಳು. ನಾನು ಮುಂದಿನ ಫೈಲು ತೆರೆದೆ. ಸತ್ಯ ಹೇಳಿದರೆ ಕೆಲಸ ಹೋಗಬಹುದು, ಪೊಲೀಸರು ಬರಬಹುದು. ಮೂವತ್ತು ಚಿಲ್ಲರೆ ವರ್ಷ ನಾನು ಬರೆದದ್ದೆಲ್ಲ ಸುಳ್ಳು ಎಂದು ಪೇಪರಿನಲ್ಲಿ ಬರಬಹುದು. ಹೇಳದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅದೇ ನನಗೆ ಎಲ್ಲಕ್ಕಿಂತ ಭಯವಾದದ್ದು.

ಮಂಗಳವಾರವೂ ನಾನು ಏನೂ ಮಾಡಲಿಲ್ಲ. ಬುಧವಾರ ಸಂಜೆ ಪವಾಯಿಗೆ ಹೋದೆ. ಸುವರ್ಣಾಳ ಅಪ್ಪ ಶರಣಪ್ಪ ಅಲ್ಲಿ ಒಂದು ದೊಡ್ಡ ಬಿಲ್ಡಿಂಗಿನ ವಾಚ್‌ಮನ್. ನನ್ನ ಹೆಸರು ಎಲ್ಲೂ ಬರದ ಹಾಗೆ, ಉಪಾಯವಾಗಿ ಮಾತಾಡಿ ಮದುವೆ ಮುಂದೂಡಿಸಬಹುದು ಎಂದು ನನ್ನ ಲೆಕ್ಕಾಚಾರ. ಗೇಟಿನ ಬಳಿ ನನ್ನನ್ನು ಕಂಡದ್ದೇ ಆತ ಓಡಿಬಂದು ಕಾಲಿಗೆ ಬಿದ್ದ. ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಕೂಡಿಸಿದ.

"ಲಗ್ನಕ್ಕ ಕರಿಯಾಕ ನಾನ ಬರಾವಿದ್ದೆ ಟೀಚರ್."

"ಓದೂ ಹುಡುಗಿ. ಇಷ್ಟ ಲಗೂ ಯಾಕೋ ಶರಣಪ್ಪಾ?"

"ಲಗೂ ಎಲ್ಲಿದ್ರಿ? ಎರಡ ವರ್ಷದಿಂದ ಬೀಗರು ಕೇಳಾಕ ಹತ್ಯಾರ. ನಾನ ಬ್ಯಾಡಂದೆ. ಇಲ್ಲಿ ಸಾಹೇಬ್ರೆಲ್ಲಾ ಹೇಳ್ಯಾರ, ಹದಿನೆಂಟರ ಒಳಗ ಮಾಡಿದ್ರ ಜೇಲ್ ಅಂತ. ಕಾಯ್ದೆ ಪ್ರಕಾರ ಮಾಡ್ತೀನ್ರಿ ನಾ." ಅವನು ಕೊರಳಿಗೆ ಹಾಕಿದ್ದ ಚೀಲದಿಂದ ಪ್ಲಾಸ್ಟಿಕ್ ಫೋಲ್ಡರ್ ತೆಗೆದು, ಅದರೊಳಗಿಂದ ಎಲ್‌ಸಿ ತೆಗೆದು ತೋರಿಸಿದ. ಕೆಳಗೆ ನನ್ನ ಸಹಿ. "ನೀವು ಬರದ ತಾರೀಖ ನೋಡಕೊಂಡ ಕುಂತಿದ್ದೆ. ಮೊನ್ನೆ ಜೂನ್ ಒಂದಕ್ಕ ತುಂಬಿತು."

"ಆದ್ರೂ ಸಣ್ಣಾಕಿ..." ಎಂದೆ.

ಶರಣಪ್ಪ ದನಿ ತಗ್ಗಿಸಿದ. "ನನಗ ಅಂಜಿಕಿ ಐತ್ರಿ ಟೀಚರ್. ನನ್ನ ಡ್ಯೂಟಿ ಇಲ್ಲಿ, ಅವರವ್ವ ಮನಿಗೆಲಸಕ್ಕ ಹೋಗತಾಳ. ಗುಡ್ಡದ ಮ್ಯಾಲಿನ ಖೋಲಿ. ಹುಡುಗಿ ಒಬ್ಬಾಕಿ ಇರತಾಳ. ಹೋಗ ಬರೂ ಹಾದಿಯಾಗ ಪೋರ ನಿಂತಿರ್ತಾವ. ನನಗ ನಿದ್ದಿ ಹತ್ತೂದಿಲ್ಲ."

ಅವನ ಕೈಯಲ್ಲೂ ಒಂದು ಹೆದರಿಕೆ, ನನ್ನ ಕೈಯಲ್ಲೂ ಒಂದು ಹೆದರಿಕೆ. ನಡುವೆ ಆ ಹುಡುಗಿ. ಅವನು ಕೊಟ್ಟ ಲಗ್ನಪತ್ರಿಕೆ ತೆಗೆದುಕೊಂಡೆ. ಕೆರೆಯ ಪಕ್ಕದ ರಸ್ತೆಯಲ್ಲಿ ರಿಕ್ಷಾ ಸಿಗುವವರೆಗೆ ನಡೆದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆ ಮನುಷ್ಯ ಕಾನೂನು ಪಾಲಿಸಲು ಎರಡು ವರ್ಷ ಕಾದಿದ್ದ, ಕಾನೂನನ್ನು ಮುರಿದ ನಾನು ಅವನ ಕುರ್ಚಿಯಲ್ಲಿ ಕುಳಿತು ಬಂದಿದ್ದೆ.

ಮರುದಿನ ಬೆಳಗ್ಗೆ ಅಟ್ಟದಿಂದ ಪುಸ್ತಕ ಇಳಿಸಿ ನನ್ನ ಮೇಲಧಿಕಾರಿ ಸಾವಂತ್ ಮೇಡಂ ಅವರ ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ. ಅವರು ಒಂದು ಪುಟ ತಿರುಗಿಸಿ, ಕೆಂಪು ಗುರುತು ನೋಡಿ, ಪುಸ್ತಕ ಮುಚ್ಚಿದರು.

"ಶಕುಂತಲಾಬಾಯಿ, ರಿಟೈರ್‌ಮೆಂಟ್ ಕಧೀ?"

"ಹನ್ನೊಂದು ತಿಂಗಳು, ಮೇಡಂ."

ಅವರು ಪುಸ್ತಕವನ್ನು ನನ್ನ ಕಡೆಗೆ ಸರಿಸಿ, ತಾವಿದನ್ನು ನೋಡಿಯೇ ಇಲ್ಲ, ಚೀಲದಲ್ಲಿ ಹಾಕಿಕೊಂಡು ಹೋಗಿ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಕೆಟ್ಟವರಲ್ಲ, ನನ್ನನ್ನು ಉಳಿಸಲು ನೋಡಿದರು. ಎದ್ದು ಹೋಗಲು ನನ್ನ ಕಾಲುಗಳು ಸಿದ್ಧವಾಗಿದ್ದವು, ನಿಜ ಹೇಳುತ್ತೇನೆ. ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ನೋಡಿ ಮೇಡಂ" ಎಂದೆ.

ಅವರು ಪುಸ್ತಕವನ್ನು ಮತ್ತೆ ಎಳೆದುಕೊಂಡರು. "ಇಲ್ಲಿ ಹನ್ನೊಂದು ಹೆಸರುಗಳಿವೆ. ಉಳಿದ ಹತ್ತು?" ಎಂದು ಕೇಳಿದರು. ಹುಡುಕಿಲ್ಲ ಎಂದೆ. ಅವರು ಫೋನ್ ಎತ್ತಿ ಮಕ್ಕಳ ಕಲ್ಯಾಣ ಸಮಿತಿಗೆ ಜೋಡಿಸಲು ಹೇಳಿದರು.

ಶುಕ್ರವಾರ ಸಮಿತಿಯವರು ನಮ್ಮನ್ನೆಲ್ಲ ಕರೆಸಿದರು. ಸಮಿತಿಯ ಅಧ್ಯಕ್ಷೆ ನನ್ನ ವಯಸ್ಸಿನವರೇ. ಪುಸ್ತಕ ನೋಡಿದರು, ಎಲ್‌ಸಿ ನೋಡಿದರು, ಎರಡರಲ್ಲೂ ಒಂದೇ ಕೈಬರಹ.

"ಆವತ್ತು ಬರೆದದ್ದು ಸುಳ್ಳು ಎನ್ನುತ್ತೀರಿ. ಇವತ್ತು ಹೇಳುತ್ತಿರುವುದು ನಿಜವೆಂದು ನಾನು ಹೇಗೆ ನಂಬಲಿ? ಹುಡುಗಿಗೆ ಮದುವೆ ಬೇಡ. ನೀವು ಅವಳ ಟೀಚರ್."

ಇಷ್ಟು ದಿನ ನನಗೆ ಶಿಕ್ಷೆಯ ಭಯವಿತ್ತು. ನನ್ನ ಮಾತಿಗೆ ಬೆಲೆಯೇ ಇಲ್ಲದಿರಬಹುದು ಎಂದು ಹೊಳೆದೇ ಇರಲಿಲ್ಲ. ಸುಳ್ಳು ಬರೆದವಳ ಸತ್ಯವನ್ನು ಯಾರು ತೆಗೆದುಕೊಳ್ಳುತ್ತಾರೆ? ನನ್ನನ್ನು ಬಿಟ್ಟರೆ ಆ ಕಾಗದದ ವಿಷಯ ಗೊತ್ತಿದ್ದವಳು ಗಂಗವ್ವ ಒಬ್ಬಳೇ. ಅವಳು ಗಂಡನ ಪಕ್ಕದಲ್ಲಿ ಸೆರಗು ಹೊದ್ದು ನಿಂತಿದ್ದಳು. ಶರಣಪ್ಪ ಅವಳ ಕಡೆ ನೋಡಲಿಲ್ಲ. ಮನೆಯಲ್ಲಿ ಲಾಡು ಕಟ್ಟಿ ಆಗಿತ್ತು, ಊರಿನಿಂದ ಬೀಗರು ರೈಲು ಹತ್ತಿದ್ದರು. ಸುವರ್ಣಾ ತಾಯಿಯನ್ನೇ ನೋಡುತ್ತಿದ್ದಳು. ನಾನು ಒಂದೊಂದು ದೇವರಿಗೂ ಹರಕೆ ಹೊತ್ತೆ.

ಅಧ್ಯಕ್ಷೆ ಹಿಂದಿಯಲ್ಲಿ ಕೇಳಿದರು. ಗಂಗವ್ವನ ಹಿಂದಿ ಮನೆಗೆಲಸದ ಹಿಂದಿ.

"ಅಂಗೂಠಾ ಹಮಾರಾ ಹೈ, ಸಾಬ್" ಎಂದಳು. ಹೆಬ್ಬೆರಳನ್ನು ಎತ್ತಿ ತೋರಿಸಿದಳು. "ಕಾಗಜ್ ಖಾಲಿ ಥಾ."

ಆಮೇಲೆ ಗಂಡನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. "ನನ್ನೂ ಹದಿನಾರಕ್ಕ ತಂದಿ. ನಾ ಸುಳ್ಳ ಹೇಳಂಗಿಲ್ಲ. ಮನಿಗಿ ಹ್ವಾದ ಮ್ಯಾಲ ಏನ ಮಾಡ್ತಿ ಮಾಡ."

ವಯಸ್ಸು ನಿರ್ಧಾರವಾಗುವವರೆಗೆ ಮದುವೆ ಮಾಡುವಂತಿಲ್ಲ ಎಂದು ಆದೇಶವಾಯಿತು. ಮುಂದೆ ವೈದ್ಯರು ತಪಾಸಣೆ ಮಾಡಿ ಹುಡುಗಿ ಹದಿನೆಂಟರ ಒಳಗಿನವಳೇ ಎಂದು ಬರೆದುಕೊಟ್ಟರು. ಆವತ್ತು ಹೊರಗೆ ವರಾಂಡದಲ್ಲಿ ಶರಣಪ್ಪ ನನ್ನ ಕಡೆಗೆ ನಡೆದು ಬಂದ. ಹೊಡೆಯುತ್ತಾನೆ ಎಂದುಕೊಂಡು ಗೋಡೆಗೆ ಆತುಕೊಂಡೆ. ಅವನು ಫೋಲ್ಡರಿನಿಂದ ಎಲ್‌ಸಿ ತೆಗೆದು ನನ್ನ ಕೈಯಲ್ಲಿಟ್ಟ.

"ತಗೋರಿ. ಇದು ನಿಮ್ಮದು" ಎಂದು ಹೇಳಿ ಮೆಟ್ಟಿಲಿಳಿದು ಹೋದ. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನನ್ನ ಮೇಲೆ ವಿಚಾರಣೆ ನಡೆಯಿತು, ಲಿಖಿತ ಛೀಮಾರಿ ಬಂತು. ಬೀಳ್ಕೊಡುಗೆ ಸಮಾರಂಭ ಮಾಡಲು ಯಾರೂ ಮುಂದೆ ಬರಲಿಲ್ಲ, ನಾನೂ ಬಯಸಲಿಲ್ಲ. ಉಳಿದ ಹತ್ತು ಮಕ್ಕಳ ಪೈಕಿ ಆರು ಮಂದಿಯನ್ನು ಹುಡುಕಿ ಮಾತಾಡಿದೆ. ಕೆಲವರು ನಕ್ಕರು, ಒಬ್ಬ ಕೈಮುಗಿದು, ನನ್ನ ನೌಕರಿ ಇದರ ಮೇಲೆ ನಿಂತಿದೆ, ದಯವಿಟ್ಟು ಮುಟ್ಟಬೇಡಿ ಎಂದ. ನಾಲ್ವರು ಸಿಗಲೇ ಇಲ್ಲ. ನಾನು ಕೊಟ್ಟ ತಾರೀಖು ಹೊತ್ತು ಅವರು ಎಲ್ಲಿದ್ದಾರೋ, ಅದರಿಂದ ಏನಾಗಿದೆಯೋ, ಆ ಭಯ ನನ್ನೊಂದಿಗೇ ಹೋಗುವಂಥದ್ದು.

ಕೊನೆಯ ತಿಂಗಳುಗಳಲ್ಲಿ ನಾನು ಜಾರಿಗೆ ತಂದ ಸುಧಾರಣೆ ಒಂದೇ. ಘೋಷಣಾಪತ್ರವನ್ನು ಮೊದಲು ತುಂಬಿಸಿ, ತಾಯಿಗೆ ಅವಳ ಭಾಷೆಯಲ್ಲಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು. ಅಷ್ಟಕ್ಕೇ ಶಿಕ್ಷಕರು ಗೊಣಗಿದರು, ಒಂದು ಮಗುವಿಗೆ ಅರ್ಧ ಗಂಟೆ ಬೇಕು ಎಂದು. ಬೇಕು. ಈಗ ನೀವು ಬರೆಯುವುದು ಕಂಪ್ಯೂಟರಿನಲ್ಲಿ. ತಾರೀಖಿನ ಜಾಗ ಖಾಲಿ ಬಿಟ್ಟರೆ ಅದು ಮುಂದೆ ಹೋಗುವುದಿಲ್ಲ. ಹಿಂದೆ ಸರದಿ ನಿಂತಿರುತ್ತದೆ, ಬೆರಳು ತಾನಾಗಿ ಸುಲಭದ ತಾರೀಖಿನ ಕಡೆ ಹೋಗುತ್ತದೆ. ಆಗ ದಯವಿಟ್ಟು ಆ ತಾಯಿಯನ್ನು ಕೂಡಿಸಿ ಕೇಳಿ. ರಾಶಿಯೋ, ಹುಣ್ಣಿಮೆಯೋ, ಯಾರೋ ಸತ್ತ ವರ್ಷವೋ, ಅವಳಿಗೆ ಗೊತ್ತಿರುತ್ತದೆ. ನಾವು ಕೇಳುವುದಿಲ್ಲ, ಅಷ್ಟೇ.

ಸುವರ್ಣಾ ನರ್ಸಿಂಗ್ ಸೇರಿ ಹಾಸ್ಟೆಲಿನಲ್ಲಿ ಉಳಿದಳು. ಆದರೆ ನನಗೆ ನೆಮ್ಮದಿ ಇರಲಿಲ್ಲ. ನಾನು ತಡೆದದ್ದು ಹದಿನಾರು ತಿಂಗಳ ಮಟ್ಟಿಗೆ ಮಾತ್ರ. ನಿಜವಾದ ಹದಿನೆಂಟು ತುಂಬಿದ ದಿನ ಯಾವ ಸಮಿತಿಯೂ ಅವಳ ಹಿಂದೆ ನಿಲ್ಲುವುದಿಲ್ಲ, ಯಾವ ಪುಸ್ತಕವೂ ಉಪಯೋಗಕ್ಕೆ ಬರುವುದಿಲ್ಲ. ಎರಡನೆಯ ಶೀಗಿ ಹುಣ್ಣಿಮೆ ಬಂದಾಗ ನಾನು ನಿವೃತ್ತಳಾಗಿ ಮನೆಯಲ್ಲಿದ್ದೆ. ಬೆಳಗಿನಿಂದ ಊಟ ಸೇರಲಿಲ್ಲ. ಮಧ್ಯಾಹ್ನ ಫೋನ್ ಬಂತು.

"ಟೀಚರ್, ಆಜ್ ಅಠರಾ ಪೂರಾ. ಸಚ್ಚೀವಾಲಾ."

"ಮನಿಯಾಗ ಏನಂತಾರ?"

"ಅಪ್ಪ ಬಂದಿದ್ದ ಹಾಸ್ಟೆಲಿಗೆ. ಅದ ಹುಡುಗನ ಮಾತ ತಗದ. ಅವ್ರು ಇನ್ನೂ ಕಾಯಾಕ ಹತ್ಯಾರಂತ."

"ನೀ ಏನಂದಿ?"

"ಒಲ್ಲೆ ಅಂದೆ."

"ಅವ?"

"ಚಹಾ ಕುಡದ. ಹ್ವಾದ."

"ಮತ್ತ ಬಂದು ಕೇಳಿದ್ರ?" ಎಂದೆ.

"ಮತ್ತ ಒಲ್ಲೆ ಅಂತೀನಿ. ನೀವು ಅಂಜಬ್ಯಾಡ್ರಿ, ಟೀಚರ್."